ಶೂ ಒಳಗಿನ ರಟ್ಟನ್ನೂ ಎತ್ತರವೆಂದು ನಂಬಿದ ಯಂತ್ರದವರಿಗೆ

ಮಾನ್ಯ ತೀರ್ಪು ಯಂತ್ರದವರೇ,

ತಮಗೂ, ಕಂಬಗಳ ಮೇಲೆ ಕೂತಿರುವ ತಮ್ಮ ಅಷ್ಟೂ ಕಣ್ಣುಗಳಿಗೂ, ತಮ್ಮ ಗಂಟಲಾಗಿರುವ ಧ್ವನಿವರ್ಧಕಕ್ಕೂ ಸಾನ್ ಎಲ್ಪಿದಿಯೊ ಸಕ್ಕರೆ ಕಾರ್ಖಾನೆಯ ಹಿಂದಿನ ಮೈದಾನದಿಂದ ಎರ್ಮಿನಿಯಾ ಮುದುಕಿಯ ನಮಸ್ಕಾರಗಳು. ಚೆಂಡು ತಡೆಯುವ ಬಲೆಯ ಹಿಂದೆ ಕೂತು ಬಾಳೆಕಾಯಿ ಕರಿದು ಮಾರುವವಳು ನಾನೇ. ನನ್ನ ಬಾಣಲೆಯ ಹೊಗೆಯಿಂದ ತಮ್ಮ ಎಡಗಣ್ಣು ಮಂಜಾಗುತ್ತಿದೆಯಂತೆ, ಕ್ಷಮೆಯಿರಲಿ. ನಮ್ಮ ಎಣ್ಣೆಗೆ ದೊಡ್ಡವರ ಪರಿಚಯ ಕಡಿಮೆ.

ತಾವು ಬರುವ ಮೊದಲು ನಮ್ಮೂರ ಬೇಸ್‌ಬಾಲಿಗೆ ಎವರಿಸ್ತೊ ಎಂಬ ಅಂಪೈರ್ ಇದ್ದರು. ಎಸೆದ ಚೆಂಡು ಆಟಗಾರನ ಮೊಣಕಾಲಿಗೂ ಎದೆಗೂ ನಡುವೆ ಹೋಯಿತೇ ಎಂದು ಬಗ್ಗಿ ನೋಡಿ, ಹೋಗಿದ್ದರೆ ‘ಸ್ಟ್ರೈಕ್’ ಎಂದು ಕೂಗುವುದು ಅವರ ಕೆಲಸ. ಅಂಥವು ಮೂರಾದರೆ ಬ್ಯಾಟು ಹಿಡಿದವನು ಔಟು. ಪ್ರತಿ ಭಾನುವಾರ ನಾನು, “ಲೋ ಕುರುಡಪ್ಪಾ, ನಿನ್ನ ಹೆಂಡ್ತಿ ಮುಖವಾದ್ರೂ ಸರಿಯಾಗಿ ನೋಡಿದ್ದೀಯೇನೋ?” ಎಂದು ಬೈಯುತ್ತಿದ್ದೆ. ಅವರು ಮುಖದ ಜಾಲರಿ ಎತ್ತಿ, “ನೋಡಿದೀನಿ ಕಣೇ ಎರ್ಮಿನಿಯಾ, ಅದಕ್ಕೇ ಮೈದಾನಕ್ಕೆ ಬೇಗ ಬರ್ತೀನಿ” ಅನ್ನುತ್ತಿದ್ದರು. ತಮ್ಮನ್ನು ಎಷ್ಟು ಬೈದರೂ ತಾವು ತುಟಿ ಬಿಚ್ಚುವುದಿಲ್ಲ. ಇಂಥ ಸಭ್ಯಸ್ಥರನ್ನು ಈ ಊರು ಕಂಡಿರಲಿಲ್ಲ.

ತಾವು ತಪ್ಪು ಮಾಡುವುದೇ ಇಲ್ಲವೆಂದು ಬೇಸ್‌ಬಾಲ್ ಸಂಘದ ಅಧ್ಯಕ್ಷರು ಹೇಳಿದರು, ನಾನು ಒಪ್ಪಿದೆ. ತಪ್ಪೆಲ್ಲ ನಮ್ಮ ಹುಡುಗರದು. ಯಾರ ಮೊಣಕಾಲು ಎಲ್ಲಿ, ಎದೆ ಎಲ್ಲಿ ಎಂದು ತಮಗೆ ತಿಳಿಸಲು ತಮ್ಮ ಕಡೆಯವರು ಅಳತೆಕೋಲು ಹಿಡಿದು ಬಂದರಲ್ಲ, ಅವರನ್ನು ಅಮೆರಿಕದ ತಂಡಗಳಿಗೆ ಆಟಗಾರರನ್ನು ಆರಿಸುವ ದಲ್ಲಾಳಿಗಳೆಂದು ಹುಡುಗರು ತಿಳಿದುಬಿಟ್ಟರು. ದಲ್ಲಾಳಿ ಬಂದ ದಿನ ಈ ದ್ವೀಪದಲ್ಲಿ ಯಾವ ಹುಡುಗನೂ ತನ್ನ ಸ್ವಂತ ಎತ್ತರದಲ್ಲಿ ಮನೆ ಬಿಡುವುದಿಲ್ಲ. ಶೂ ಒಳಗೆ ರಟ್ಟು, ಕಾಲುಚೀಲದೊಳಗೆ ಹರಕು ಬಟ್ಟೆ, ಕೂದಲು ಆಕಾಶದ ಕಡೆಗೆ. ಶೂ ಬಿಚ್ಚಿ ಎನ್ನಲು ತಮ್ಮ ಕಡೆಯವರಿಗೆ ಸಂಕೋಚ. ನನ್ನ ಮೊಮ್ಮಗ ವಿಲ್ಕಿನ್ ಅಂದು ತೀರಿಹೋದ ತನ್ನ ತಾತನಿಗಿಂತ ಉದ್ದವಾಗಿದ್ದ.

ತಾವು ಅದನ್ನು ನಂಬಿದಿರಿ. ಈಗ ತಮ್ಮ ಲೆಕ್ಕದಲ್ಲಿ ಅವನ ಎದೆ ಗಲ್ಲದ ಮೇಲಿದೆ. ಕಳೆದ ವಾರ ಗಲ್ಲ ಸವರಿಕೊಂಡು ಹೋದ ಚೆಂಡಿಗೂ ತಾವು ‘ಸ್ಟ್ರೈಕ್’ ಎಂದು ಅಪ್ಪಣೆ ಕೊಡಿಸಿದಿರಿ. “ಅಜ್ಜೀ, ಅದನ್ನ ಹೊಡೀಬೇಕಂದ್ರೆ ಹಲ್ಲಲ್ಲಿ ಕಚ್ಬೇಕಿತ್ತು” ಎಂದ ವಿಲ್ಕಿನ್. ಎವರಿಸ್ತೊ ಆಗಿದ್ದರೆ, “ರಟ್ಟಿನ ಮೇಲಿಂದ ಇಳಿಯೋ ಕುಳ್ಳ” ಎಂದು ಗದರಿ, ಅವನ ನಿಜವಾದ ಎದೆಯನ್ನೇ ನೋಡುತ್ತಿದ್ದರು.

ಬರುವ ಭಾನುವಾರ ನಿಜವಾದ ದಲ್ಲಾಳಿ ಬರುತ್ತಾನೆ. ವಿಲ್ಕಿನ್‌ಗೆ ಇದೇ ಕೊನೆಯ ಅವಕಾಶ. ಮುಂದಿನ ವರ್ಷ ಅವನ ವಯಸ್ಸು ಮೀರುತ್ತದೆ, ವಯಸ್ಸು ಇಳಿಸುವ ರಟ್ಟು ನಮ್ಮಂಗಡಿಯಲ್ಲಿ ಸಿಗುವುದಿಲ್ಲ. ಉದ್ದವಾಗಿಯೇ ಉಳಿದರೆ ತಮ್ಮ ಕೈಯಲ್ಲಿ ಔಟು. ಗಿಡ್ಡನೆಂದು ಒಪ್ಪಿಕೊಂಡರೆ ದಲ್ಲಾಳಿ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ದಯಮಾಡಿ ತಾವು ಅವನನ್ನು ದಲ್ಲಾಳಿಗೆ ಉದ್ದವಾಗಿ ತೋರಿಸಿ, ಚೆಂಡು ಬರುವಾಗ ಮಾತ್ರ ಗಿಡ್ಡನೆಂದು ಎಣಿಸಬೇಕೆಂದು ಬೇಡಿಕೊಳ್ಳುತ್ತೇನೆ. ಇಷ್ಟು ವರ್ಷ ಎವರಿಸ್ತೊ ಇದನ್ನು ಬರೀ ಎರಡು ಕಣ್ಣಲ್ಲಿ ಮಾಡಿದರು. ಆಗದಿದ್ದರೆ ಆ ಒಂದು ದಿನ ಜ್ವರ ಬರಿಸಿಕೊಂಡು ಮಲಗಿಬಿಡಿ. ಕಷಾಯ ನಾನು ತರುತ್ತೇನೆ.

ಬಾಣಲೆಯ ಹೊಗೆಯೊಡನೆ,
ತಮ್ಮ ವಿಶ್ವಾಸಿ,
ಎರ್ಮಿನಿಯಾ

ತಾ.ಕ.: ಇದನ್ನು ಮೈದಾನದ ಗೋಡೆಗೆ ಅಂಟಿಸಲು ಗೋಂದು ಸಿಗುವಷ್ಟರಲ್ಲಿ ಭಾನುವಾರ ಬಂದುಹೋಯಿತು. ವಿಲ್ಕಿನ್ ನನಗೂ ಹೇಳದೆ ಬೆಳಿಗ್ಗೆ ಬರಿಗಾಲಲ್ಲಿ ಹೋಗಿ ಮತ್ತೆ ಅಳತೆ ಕೊಟ್ಟ. ಅವನು ಹೊಡೆದ ಚೆಂಡು ಇನ್ನೂ ಕಬ್ಬಿನ ಗದ್ದೆಯಲ್ಲಿದೆ, ಅಷ್ಟು ಕಣ್ಣಿರುವ ತಾವು ಹುಡುಕಿಕೊಟ್ಟರೆ ಉಪಕಾರ. ದಲ್ಲಾಳಿ “ಹೊಡೆತ ಚೆನ್ನಾಗಿದೆ, ಆಳು ಕುಳ್ಳ” ಎಂದು ಹೇಳಿ, ಇಡೀ ದಿನ ತಮ್ಮ ಕೈಯಲ್ಲಿ ಔಟಾದ ಉದ್ದನೆಯ ಹುಡುಗ ಯೊಹಾಂದ್ರಿಯನ್ನು ಆರಿಸಿಕೊಂಡು ಹೋದ. ಯೊಹಾಂದ್ರಿಯನ್ನು ಮಳೆಯಲ್ಲಿ ನಿಲ್ಲಿಸಬೇಡಿ ಎಂದು ಅಮೆರಿಕದಲ್ಲಿರುವ ತಮ್ಮ ನೆಂಟರಿಗೆ ತಿಳಿಸಿ. ರಟ್ಟು ನೆನೆದರೆ ಆಳು ಕುಗ್ಗುತ್ತಾನೆ.