ಅಮಾವಾಸ್ಯೆಗೊಮ್ಮೆ ಏಳುವ ಕಾರುಗಳು

ಕಾರು ಕೊಳ್ಳುವವರಲ್ಲಿ ಅರ್ಧ ಜನ ಕೊಳ್ಳುವುದು ಓಡಿಸಲಿಕ್ಕಲ್ಲ, ಓಣಿಯವರಿಗೆ ತೋರಿಸಲಿಕ್ಕೆ. ಅಂಥವರು ಇರುವತನಕ ಶಹಾಪುರದ ನನ್ನ ಬ್ಯಾಟರಿ ಅಂಗಡಿಗೆ ಬೀಗ ಬೀಳುವುದಿಲ್ಲ. ವಾರಕ್ಕೆ ಇಬ್ಬರಾದರೂ ಸತ್ತ ಬ್ಯಾಟರಿಯ ಸುದ್ದಿ ತರುತ್ತಾರೆ. ಬೇರೆ ಬ್ಯಾಟರಿಯಿಂದ ವೈರು ಹಚ್ಚಿ ಗಾಡಿ ಚಾಲೂ ಮಾಡಿಕೊಟ್ಟರೆ ಸ್ಟೇರಿಂಗಿನ ಹಿಂದೆ ಕೆಂಪು, ಹಳದಿ ದೀಪಗಳು ಹತ್ತುತ್ತವೆ. ಅವನ್ನು ಕಂಡು ಇವರ ಎದೆ ಧಸಕ್ಕೆನ್ನುತ್ತದೆ. ಮದ್ದು ಬಲು ಸಣ್ಣದು. ಸ್ಟೇರಿಂಗನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಪೂರ್ತಿ ತಿರುವಿ ಸ್ವಲ್ಪ ದೂರ ಓಡಿಸಿದರೆ ಬಹಳಷ್ಟು ದೀಪಗಳು ತಾವೇ ಆರುತ್ತವೆ. ಸಣ್ಣ ಮದ್ದನ್ನು ನಮ್ಮ ಜನ ನಂಬುವುದಿಲ್ಲ, ನಂಬದವರನ್ನು ನಾನು ಬೈಯದೆ ಬಿಡುವುದಿಲ್ಲ.

“ನಿಮ್ಮ ಈ ನಾಲಿಗಿಂದ ಮಗಳಿಗೊಂದು ಸಂಬಂಧ ಕೂಡಲ್ಲ ನೋಡ್ರಿ” ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಅದು ಖರೇ ಆಯಿತೇನೋ ಎನ್ನಿಸಿದ ದಿನವೂ ಬಂತು. ಅದನ್ನು ಕಡೆಗೆ ಹೇಳುತ್ತೇನೆ, ನಾಚಿಕೆಯ ಸುದ್ದಿ ಮೊದಲಿಗೆ ಬಾಯಿಗೆ ಬರುವುದಿಲ್ಲ.

ಬದುಕಿದ ನಿಂಬೆಹಣ್ಣು

ಸುರಪುರದಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ತರರಿದ್ದಾರೆ. ಅವರ ಕಾರು ಏಳುತ್ತಿದ್ದದ್ದು ಅಮಾವಾಸ್ಯೆಗೊಮ್ಮೆ. ಅಂದು ಅದನ್ನು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಅದರ ಮೇಲೆ ಹಾಯಿಸುತ್ತಿದ್ದರು. ಅಲ್ಲಿಗೆ ಆ ತಿಂಗಳ ಪ್ರಯಾಣ ಮುಗಿಯಿತು. ಕಾರಿಗೆ ಮತ್ತೆ ಹೊದಿಕೆ, ಮಾಸ್ತರರಿಗೆ ಮತ್ತೆ ಬಸ್ಸು.

ಒಂದು ಅಮಾವಾಸ್ಯೆಗೆ ಕಾರು ನಿಂಬೆಹಣ್ಣಿನ ತನಕವೂ ಹೋಗಲಿಲ್ಲ. ಬ್ಯಾಟರಿ ಹೊತ್ತುಕೊಂಡು ನಾನು ಸುರಪುರಕ್ಕೆ ಹೋದೆ. ವೈರು ಹಚ್ಚಿದೆ, ಗಾಡಿ ಚಾಲೂ ಆಯಿತು, ಆರು ದೀಪ ಹತ್ತಿದವು. ಸ್ಟೇರಿಂಗ್ ತಿರುವಿರಿ ಎಂದೆ. ಮಾಸ್ತರರು ತಿರುವಲಿಲ್ಲ. ಯಾರದೋ ಕಣ್ಣು ತಾಗಿದೆ ಎಂದು ಇನ್ನೊಂದು ಕಾಯಿ ತರಿಸಿದರು. ನನಗೆ ತಡೆಯಲಾಗಲಿಲ್ಲ. ಅಕ್ಕಪಕ್ಕದವರೆಲ್ಲ ಕೂಡಿದ್ದರು, ಅವರ ಮುಂದೆಯೇ ಅಂದುಬಿಟ್ಟೆ.

“ಮಾಸ್ತರೆ, ಕಾರಂದ್ರ ಎಮ್ಮಿ ಇದ್ದಂಗ್ರಿ. ದಿನಾ ಹಿಂಡಬೇಕು. ಅಮಾಸಿಗೊಮ್ಮೆ ಹಿಂಡಾಕ ಹೋದ್ರ ಒದಿತದ.”

ಓಣಿಗೆ ಓಣಿಯೇ ನಕ್ಕಿತು. ಮಾಸ್ತರರು ನಗಲಿಲ್ಲ. ಸಿಟ್ಟಿನಲ್ಲಿ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುವಿ ಬುರ್ರೆಂದು ಹೋದರು, ದೀಪಗಳೂ ಆರಿದವು. ಗಡಿಬಿಡಿಯಲ್ಲಿ ಗಾಲಿ ಬೇರೆ ಕಡೆ ಹಾಯ್ದು ನಿಂಬೆಹಣ್ಣು ಬದುಕಿಕೊಂಡಿತು.

ಐದು ಬೊಟ್ಟು

ದೋರನಹಳ್ಳಿಯ ಕ್ಲರ್ಕ್ ಒಬ್ಬ ಇವರಿಗಿಂತ ಶಾಣ್ಯಾ. ಬ್ಯಾಟರಿ ಬದಲಿಸಿದ ಮೇಲೆ ಹತ್ತಿದ ಐದು ದೀಪಗಳ ಮೇಲೆ ಹೆಂಡತಿಯ ಹಣೆಬೊಟ್ಟು ಅಂಟಿಸಿ, ದೀಪ ಆರಿದವು ಎಂದು ನನಗೆ ಫೋನ್ ಮಾಡಿ ಹೇಳಿದ. ನಾನು ಶಹಬ್ಬಾಸ್ ಎಂದೆ, ನನಗೇನು ಗೊತ್ತು.

ಮರುದಿನ ಮದುವೆಗೆಂದು ಗುರುಮಠಕಲ್ಲಿಗೆ ಹೊರಟವರ ಕಾರು ನಡುದಾರಿಯಲ್ಲಿ ನಿಂತಿತು. ಹೋಗಿ ಬೊಟ್ಟು ಒಂದೊಂದಾಗಿ ಕಿತ್ತೆ. ನಾಲ್ಕು ದೀಪ ಆಗಲೇ ತಾವಾಗಿ ಆರಿದ್ದವು. ಐದನೆಯದು ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದು ಹೇಳುವ ಕೆಂಪು ದೀಪ, ಪಾಪ, ಬೊಟ್ಟಿನ ಹಿಂದೆ ಕೂತು ಹೇಳಿಯೇ ಹೇಳಿತ್ತು. ಬುದ್ಧಿ ಅಡವಿಟ್ಟಿದ್ದೀಯಾ ಎಂದು ಅವನಿಗೆ ಕೇಳಿದೆ. ಜರಿ ಸೀರೆ ಉಟ್ಟು ಬಿಸಿಲಲ್ಲಿ ನಿಂತ ಅವನ ಹೆಂಡತಿ ಉತ್ತರ ಕೊಟ್ಟಳು.

“ಅಣ್ಣಾರ, ಪಾಕೀಟಿನ್ಯಾಗ ಉಳಿದದ್ದೊಂದು ಬೊಟ್ಟು ಇವರ ಬಾಯಿಗೆ ಹಚ್ಚತೀನಿ, ನೀವು ಗಾಡಿ ನೋಡ್ರಿ.”

ಆರಿಸಬಾರದ ದೀಪ

ಗುರುಮಠಕಲ್ ಕಡೆಯ ಗುತ್ತಿಗೆದಾರನೊಬ್ಬ ಕಾರಿನಲ್ಲಿ ದೇವರ ಫೋಟೋ ಇಟ್ಟು, ಸುತ್ತ ಬಣ್ಣದ ಬಲ್ಬಿನ ಸರ ಬಿಟ್ಟಿದ್ದ. ಅದರ ವೈರು ನೇರ ಬ್ಯಾಟರಿಗೆ. ಗಾಡಿ ಬಂದ್ ಆದರೂ ಸರ ಉರಿಯುತ್ತಲೇ ಇರುತ್ತಿತ್ತು, ಬೆಳಗಾದರೆ ಬ್ಯಾಟರಿ ಖಲಾಸ್. ಒಂದು ಸ್ವಿಚ್ ಹಾಕುತ್ತೇನೆ ಎಂದರೆ ದೇವರ ಮುಂದಿನ ದೀಪ ಆರಿಸಬಾರದು ಎಂದು ನನಗೇ ಬುದ್ಧಿ ಹೇಳಿದ. ಮೂರನೆಯ ಸಲ ವೈರು ಹಚ್ಚಿ ಚಾಲೂ ಮಾಡಿದಾಗ ಸ್ಟೇರಿಂಗಿನ ಹಿಂದಿನ ದೀಪಗಳೆಲ್ಲ ಒಟ್ಟಿಗೇ ಹತ್ತಿದವು. ಈಗಲಾದರೂ ಹೆದರುತ್ತಾನೆ ಎಂದುಕೊಂಡೆ. ಅವನು ಚಪ್ಪಲಿ ಬಿಟ್ಟು ಕೈಮುಗಿದ.

“ನೋಡ್ರಿ, ನಾ ಒಂದು ಸರ ಹಚ್ಚೀನಿ. ಉಳಿದದ್ದು ಅವನೇ ಹಚ್ಚ್ಯಾನ.”

ನಮ್ಮ ಮನೆಯ ಎಮ್ಮೆ

ಕಳೆದ ತಿಂಗಳು ಮಗಳನ್ನು ನೋಡಲು ಗಂಡಿನವರು ಬಂದರು. ಹುಡುಗ ಶಾಲೆಯ ಮಾಸ್ತರ, ಮನೆತನ ಒಳ್ಳೆಯದು, ಮಗಳಿಗೂ ಮನಸ್ಸಿತ್ತು. ಎಲ್ಲ ಹುಡುಗನ ಸೋದರಮಾವನ ಮಾತಿನ ಮೇಲೆ ನಿಂತಿದೆ ಎಂದು ಮೊದಲೇ ತಿಳಿದಿತ್ತು. ಆ ಸೋದರಮಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆ ಎತ್ತಿದರು. ಸುರಪುರದ ಹೆಡ್‌ಮಾಸ್ತರರು.

ಸುಸಲಾ, ಮಿರ್ಚಿಭಜಿ, ಚಹಾ ಎಲ್ಲ ಆದರೂ ಅವರು ಒಂದು ಮಾತಾಡಲಿಲ್ಲ. ನನ್ನ ಗುರುತು ಹತ್ತಿಲ್ಲ ಎಂದುಕೊಂಡು ಧೈರ್ಯ ಮಾಡಿದೆ. ಗಂಡಿನವರಿಗೆ ಯಾದಗಿರಿಯಲ್ಲಿ ರೈಲು ಹಿಡಿಯುವುದಿತ್ತು. ಬಸ್ಸು ಯಾಕೆ, ನಮ್ಮ ಕಾರಿನಲ್ಲಿ ಬಿಡುತ್ತೇನೆ ಎಂದೆ. ಎಲ್ಲರನ್ನೂ ಅಂಗಳಕ್ಕೆ ಕರೆತಂದು ಕಾರಿನ ಹೊದಿಕೆ ತೆಗೆದೆ. ಹೌದು, ನಮ್ಮ ಕಾರಿಗೂ ಹೊದಿಕೆ ಇದೆ. ನಾನು ಅಂಗಡಿಗೆ ಹೋಗುವುದು ಬೈಕಿನ ಮೇಲೆ.

ಕೀಲಿ ತಿರುವಿದೆ. ಟಕ್ ಎಂದಿತು. ಮತ್ತೆ ತಿರುವಿದೆ. ಅದೂ ಅನ್ನಲಿಲ್ಲ.

ಹೆಂಡತಿ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ಮಗಳು ಒಳಗೆ ಹೋಗಿ, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬ್ಯಾಟರಿ ಮತ್ತು ವೈರು ತಂದು ಹಚ್ಚಿದಳು. ಗಾಡಿ ಚಾಲೂ ಆಯಿತು. ದೀಪಗಳೆಲ್ಲ ಹತ್ತಿದವು. ಇಪ್ಪತ್ತು ವರ್ಷ ಊರಿಗೆಲ್ಲ ಮದ್ದು ಹೇಳಿದವನು ನಾನು, ಆ ಗಳಿಗೆಗೆ ಒಂದೂ ನೆನಪಿಗೆ ಬರಲಿಲ್ಲ. ಇದು ದೊಡ್ಡ ದೋಷ, ಕಲಬುರಗಿ ಶೋರೂಮಿಗೇ ಒಯ್ಯಬೇಕು ಎಂದು ಬಡಬಡಿಸಿದೆ.

“ಅಪ್ಪಾ, ಸ್ಟೇರಿಂಗ್ ತಿರುವು” ಎಂದಳು ಮಗಳು.

ತಿರುವಿದೆ. ಅಂಗಳ ದಾಟಿ, ಓಣಿಯ ಕೊನೆ ಮುಟ್ಟಿ ಬರುವಷ್ಟರಲ್ಲಿ ದೀಪ ಒಂದೊಂದಾಗಿ ಆರಿದವು. ಹೆಡ್‌ಮಾಸ್ತರರು ಮುಂದಿನ ಸೀಟಿಗೆ ಬಂದು ಕುಳಿತರು. ಬಾಗಿಲು ಹಾಕಿಕೊಂಡು, ಕಿಟಕಿಯಿಂದ ನನ್ನ ಹೆಂಡತಿಯನ್ನು ನೋಡಿ ಮೊದಲ ಸಲ ಬಾಯಿ ತೆರೆದರು.

“ತಂಗಿ, ಹುಡುಗಿ ನಮಗ ಪಸಂದ್ ಅದಾಳ. ಶಾಣ್ಯಾಕಿ.”

ನನ್ನ ಹೋದ ಜೀವ ಬಂದಂತಾಯಿತು. ಕಾರು ಗೇರಿಗೆ ಹಾಕಿದೆ. ಅವರು ನನ್ನ ಕಡೆ ಹೊರಳಿ, ಅಂಗಳದಲ್ಲಿ ನಿಂತವರಿಗೆಲ್ಲ ಕೇಳುವಂತೆ ಸಾವಕಾಶ ಕೇಳಿದರು.

“ಅಲ್ರಿ ಬೀಗರ, ಎಮ್ಮಿ ಹಿಂಡಿ ಎಷ್ಟು ಅಮಾಸಿ ಆಗ್ಯಾವ?”