ಗೋಡೆ ಏರಿದ ದಂಡನಾಯಕ

ಡ್ರೈವಿಂಗ್ ಮೇಷ್ಟರು ರಸ್ತೆಯಲ್ಲಿ ಯಾರಿಗೂ ಹೆದರಿದವರಲ್ಲ. ಬ್ರೇಕ್ ಎಂದರೆ ಆಕ್ಸಿಲರೇಟರ್ ತುಳಿಯುವ ಶಿಷ್ಯರ ಪಕ್ಕದಲ್ಲಿ ದಿನವಿಡೀ ಕೂತು, ಸಂಜೆ ಜೀವಸಹಿತ ಮನೆಗೆ ಬರುವ ಗಂಡಸು ಇನ್ಯಾರಿಗೆ ತಾನೇ ಹೆದರಿಯಾನು? ಆದರೆ ಮನೆಯ ಹೊಸ್ತಿಲು ದಾಟಿದರೆ ಸ್ಟಿಯರಿಂಗ್ ಹೆಂಡತಿಯ ಕೈಗೆ. ಆಕೆ ದೊಡ್ಡಾಸ್ಪತ್ರೆಯ ಹೆಡ್ ನರ್ಸ್. ಚುಚ್ಚುವ ವಿಷಯದಲ್ಲಿ ಆಕೆ ರೋಗಿ, ಗಂಡ ಎಂಬ ಭೇದ ಎಣಿಸಿದವಳಲ್ಲ. ಇದನ್ನೆಲ್ಲ ಮೇಷ್ಟರು ಸಹಿಸಿದ್ದರು. ಅವರಿಗೆ ಸಹಿಸಲಾಗದೆ ಹೋದದ್ದು ದಂಡನಾಯಕನನ್ನು.

ದಂಡನಾಯಕ ಆ ಮನೆಗೆ ಬಂದದ್ದು ಮಾವನ ಜೊತೆ. ಕೋರ್ಟಿನ ಶಿರಸ್ತೇದಾರಿಕೆಯಿಂದ ನಿವೃತ್ತರಾದ ಮಾವ, ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ಬಂದರು. (ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.) ತಂದದ್ದು ಒಂದು ಟ್ರಂಕು, ಒಂದು ಊರುಗೋಲು, ಮತ್ತು ಸೊಂಟದೆತ್ತರದ ಒಂದು ತೈಲಚಿತ್ರ. ಚಿತ್ರದಲ್ಲಿ ಕೆಂಪು ಕೋಟು, ಎದೆಯ ಮೇಲೆ ಪದಕಗಳು, ಸೊಂಟಕ್ಕೆ ಕತ್ತಿ, ಕೈಯಲ್ಲೊಂದು ಚಾವಟಿ, ಮತ್ತು ಈ ಸಕಲ ವೈಭವದ ಹಿಂದೆ ಗಂಟುಮೋರೆಯ ಒಬ್ಬ ಮನುಷ್ಯ.

“ಯಾರು ಮಾವ ಇವರು?”

“ನಮ್ಮಜ್ಜ. ದಂಡನಾಯಕರು.”

“ಯಾವ ಯುದ್ಧದಲ್ಲಿ?”

“ಯುದ್ಧ ಅಂದ್ಮೇಲೆ ಯುದ್ಧ, ಅಳಿಯಂದಿರೇ. ಅದರಲ್ಲಿ ಯಾವುದು ಏನು!”

ದಂಡನಾಯಕರಿಗೆ ತಕ್ಕ ಗೋಡೆ ಆ ಮನೆಯಲ್ಲಿ ಇದ್ದದ್ದು ಒಂದೇ. ಅಲ್ಲಿದ್ದ ಟಿವಿ ಪದಚ್ಯುತಗೊಂಡು ಬಚ್ಚಲಿನ ಪಕ್ಕದ ಮೂಲೆಗೆ ಹೋಯಿತು. ಅಂದಿನಿಂದ ಮೇಷ್ಟರು ಬಟ್ಟೆ ಒಗೆಯುವ ಮೆಷಿನ್ನಿಗೆ ಒರಗಿಕೊಂಡು, ನಿಂತೇ ಕ್ರಿಕೆಟ್ ನೋಡಬೇಕಾಯಿತು. ಹಜಾರದ ತಮ್ಮ ಕುರ್ಚಿಯಲ್ಲಿ ಕಾಲು ಚಾಚಿದರೆ ಸಾಕು, “ಅಜ್ಜ ನೋಡ್ತಿದ್ದಾರೆ, ಕಾಲಿಳಿಸಿ” ಎಂದು ಮಾವನ ಆಜ್ಞೆ.

ಒಂದು ಭಾನುವಾರ ಕೊನೆಯ ಓವರಿನ ಹೊತ್ತಿಗೆ ಸರಿಯಾಗಿ ಮೆಷಿನ್ ಗಡಗಡ ನಡುಗಿತು, ಪೈಪು ಕಳಚಿತು, ಸೋಪಿನ ನೀರು ಮೇಷ್ಟರ ಪಂಚೆಯನ್ನು ಮೊಣಕಾಲವರೆಗೆ ತೋಯಿಸಿತು. ಅದನ್ನೊರೆಸಿ ತಲೆಯೆತ್ತುವಷ್ಟರಲ್ಲಿ ಪಂದ್ಯವೇ ಮುಗಿದಿತ್ತು. ಮೇಷ್ಟರು ಹಾಗೇ ತೊಟ್ಟಿಕ್ಕುತ್ತ ಹಜಾರಕ್ಕೆ ನುಗ್ಗಿದರು.

“ಮಾವ, ಇವನು ನಿಮ್ಮಜ್ಜ ಅನ್ನೋದಕ್ಕೆ ಏನು ಸಾಕ್ಷಿ?”

“ಸಾಕ್ಷಿ ಬೇಕೇನ್ರೀ? ಮುಖದ ಕಳೆ ನೋಡಿ!”

“ಕಳೆ ಕಾಣ್ಲಿಲ್ಲ, ಕಿವಿ ಕಂಡ್ವು. ಮೊರದಗಲ ಇವೆ! ನಿಮ್ಮ ವಂಶದಲ್ಲಿ ಯಾರಿಗಿದೆ ಇಂಥ ಕಿವಿ? ಇವನು ದಂಡನಾಯಕನೂ ಅಲ್ಲ, ಗಿಂಡನಾಯಕನೂ ಅಲ್ಲ. ದಂಡಿನಲ್ಲಿ ಪಾತ್ರೆ ತಿಕ್ಕೋನಿರ್ಬೇಕು!”

“ರೀ!” ಎಂದಳು ಹೆಂಡತಿ. ಆ ಒಂದಕ್ಷರಕ್ಕೆ ಆಸ್ಪತ್ರೆಯ ಸರ್ಜನ್ನರೂ ಬಾಯಿ ಮುಚ್ಚುತ್ತಿದ್ದರಂತೆ. ಮೇಷ್ಟರು ಮುಚ್ಚಲಿಲ್ಲ.

“ಜಪ್ಪಯ್ಯ ಅಂದ್ರೂ ಒಪ್ಪೋಲ್ಲ ಕಣೇ! ಮ್ಯೂಸಿಯಮ್ಮಿಗೆ ಒಯ್ದು ತೋರಿಸೋಣ. ಅವರು ಏನು ಹೇಳ್ತಾರೋ ಹೇಳ್ಲಿ.”

“ಸರಿ. ನಮ್ಮಪ್ಪನ ಅಜ್ಜ ಅಂತ ಗೊತ್ತಾದ್ರೆ ದಿನಾ ಬೆಳಿಗ್ಗೆ ನೀವೇ ಒರೆಸ್ಬೇಕು. ಅಲ್ಲ ಅಂತಾದ್ರೆ ಚಿತ್ರ ಅಟ್ಟಕ್ಕೆ. ಆಮೇಲೆ ಇಬ್ರೂ ಕ್ಯಾತೆ ತೆಗೆಯೋ ಹಾಗಿಲ್ಲ. ಒಪ್ಪಿಗೆನಾ?”

ಒಪ್ಪಿಗೆಯಾಯಿತು. ಶಿರಸ್ತೇದಾರರು ಅಭ್ಯಾಸಬಲದಿಂದ “ಉಭಯತ್ರರೂ ಒಪ್ಪಿದ್ದಾರೆ” ಎಂದು ಗಟ್ಟಿಯಾಗಿ ಘೋಷಿಸಿದರು.

ದಂಡನಾಯಕರ ದಂಡಯಾತ್ರೆ ಹೊರಟದ್ದು ‘ಎಲ್’ ಬೋರ್ಡ್ ಹೊತ್ತ ಡ್ರೈವಿಂಗ್ ಶಾಲೆಯ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಅವರಿಗೆ ಬೆಲ್ಟ್ ಬಿಗಿದು, ಅತ್ತ ಮಾವ, ಇತ್ತ ಹೆಂಡತಿ ಹಿಡಿದು ಕೂತರು. ಚೌಕದಲ್ಲಿದ್ದ ಟ್ರಾಫಿಕ್ ಪೊಲೀಸ್ ಕಿಟಕಿಯಲ್ಲಿ ಪದಕ ಕಂಡದ್ದೇ ತಡ, ಗಾಬರಿಯಲ್ಲಿ ಸಲ್ಯೂಟ್ ಹೊಡೆದ. ಮಾವ ಗಂಭೀರವಾಗಿ ಸ್ವೀಕರಿಸಿದರು. ಮೇಷ್ಟರು ಸಿಟ್ಟಿನಲ್ಲಿ ಗೇರ್ ಬದಲಿಸದೆ ಕ್ಲಚ್ ಬಿಟ್ಟರು. ಕಾರು ಜಿಗಿದು ನಿಂತಿತು. ಶಿಷ್ಯರು ಯಾರೂ ನೋಡಲಿಲ್ಲ, ಪುಣ್ಯ.

ಮ್ಯೂಸಿಯಮ್ಮಿನ ಮೇಲ್ವಿಚಾರಕಿ ಕನ್ನಡಕವನ್ನು ಹಣೆಗೇರಿಸಿ ಚಿತ್ರವನ್ನು ಹತ್ತಿರದಿಂದ ನೋಡಿದಳು, ದೂರದಿಂದ ನೋಡಿದಳು. ಆಮೇಲೇಕೋ ಮೇಷ್ಟರನ್ನೂ ನೋಡಿದಳು.

“ಸ್ವಲ್ಪ ಆ ಕಡೆ ಮುಖ ತಿರುಗಿಸ್ತೀರಾ?”

ಮೇಷ್ಟರು ತಿರುಗಿಸಿದರು. ಆಕೆ “ಓಹೋ” ಎಂದು ಒಳಗೆ ಹೋಗಿ, ದೊಡ್ಡದೊಂದು ಹಳೆಯ ಫೋಟೋ ಎತ್ತಿಕೊಂಡು ಬಂದಳು. ಒಂದಿಡೀ ದಂಡು ಸಾಲಾಗಿ ನಿಂತ ಫೋಟೋ. ತುದಿಯಲ್ಲಿ ಅದೇ ಗಂಟುಮೋರೆ, ಅದೇ ಚಾವಟಿ, ಅದೇ ಕಿವಿಗಳು. ಕೆಳಗೆ ಎಲ್ಲರ ಹೆಸರೂ ಅಚ್ಚಾಗಿತ್ತು. ಆಕೆ ತುದಿಯ ಹೆಸರಿಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

“ಆಂ, ಹೇಳಿ ಮೇಡಂ,” ಎಂದರು ಮೇಷ್ಟರು.

“ನಿಮ್ಮನ್ನು ಕರೀಲಿಲ್ಲ. ಇವರ ಹೆಸರು ಓದಿದೆ.”

ಆಕೆ ಓದಿದ್ದು ಮೇಷ್ಟರದೇ ಹೆಸರು. ಮೇಷ್ಟರಿಗೆ ಮುತ್ತಜ್ಜನ ಹೆಸರಿಟ್ಟಿದ್ದರು. ಅವನು ದಂಡಿನಲ್ಲಿದ್ದನಂತೆ ಎಂದು ಅವರಮ್ಮ ಹೇಳುತ್ತಿದ್ದದ್ದೂ ಉಂಟು. ಹೆಸರು ಅದೇ, ಮನೆತನವೂ ಅದೇ. ಇನ್ನು ಕಿವಿಗಳನ್ನು ಅಲ್ಲಿದ್ದವರೆಲ್ಲ ಆಗಲೇ ಹೋಲಿಸಿ ಮುಗಿಸಿದ್ದರು.

“ಇವರು ದಂಡನಾಯಕರಲ್ಲ,” ಎಂದಳು ಮೇಲ್ವಿಚಾರಕಿ. “ಹೇಸರಗತ್ತೆ ದಳದ ಜಮಾದಾರರು. ಹಿಮ ಬಿದ್ದ ಕಣಿವೆಯಲ್ಲಿ ಕತ್ತೆಗಳನ್ನು ದಾಟಿಸಿ, ಹಸಿದಿದ್ದ ದಂಡಿಗೆ ದಿನಸಿ ಮುಟ್ಟಿಸಿದ್ರು. ಅದಕ್ಕೇ ಪದಕ. ಕತ್ತಿ ಮಾತ್ರ ಚಿತ್ರಗಾರನದ್ದಿರ್ಬೇಕು.”

ಹೆಸರೂ ಸಿಕ್ಕಿತು, ಹೇಸರಗತ್ತೆಯೂ ಸಿಕ್ಕಿತು.

“ಡ್ರೈವಿಂಗು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು ಬಿಡಿ,” ಎಂದಳು ಹೆಂಡತಿ.

“ನಗು, ನಗು! ಹಿಮದಲ್ಲಿ ಕತ್ತೆ ಓಡಿಸೋದು ತಮಾಷೆನಾ? ನಮ್ಮ ಮುತ್ತಜ್ಜ ಕಣೇ!” ಮೇಷ್ಟರ ಎದೆ ಉಬ್ಬಿತು. ಬೆಳಗಿನವರೆಗೆ ಮೊರವಾಗಿದ್ದ ಕಿವಿಗಳು ಈಗ ರಾಜಲಕ್ಷಣಗಳಾಗಿದ್ದವು.

ಮಾವ ಪೆಚ್ಚಾಗಿ ಕೆನ್ನೆ ಕೆರೆದುಕೊಂಡರು. “ನಮ್ಮಪ್ಪನಿಗೆ ಫ್ರೇಮು ಹಾಕೋ ಅಂಗಡಿ ಇತ್ತು. ಯಾರೂ ವಾಪಸ್ ತಗೊಂಡು ಹೋಗದ ಚಿತ್ರಗಳನ್ನ ಮನೇಲಿ ತೂಗ್ಹಾಕ್ತಿದ್ರು. ಚಿಕ್ಕಂದಿನಿಂದ ನೋಡ್ತಾ ನೋಡ್ತಾ ನಾನು ಅಜ್ಜ ಅಂದ್ಕೊಂಡಿದ್ದೆ. ಅಂದ್ರೆ, ನಿಮ್ಮವರೇ ಮರೆತು ಬಿಟ್ಟುಹೋದದ್ದು, ಅಳಿಯಂದಿರೇ!”

ಮನೆಗೆ ಬಂದದ್ದೇ ಮೇಷ್ಟರು ಸುತ್ತಿಗೆ ಹುಡುಕಿದರು. ಹಳೆಯ ಮೊಳೆ ಸಾಲದು, ಮುತ್ತಜ್ಜನಿಗೆ ಹೊಸ ಮೊಳೆಯೇ ಆಗಬೇಕು.

“ಸುತ್ತಿಗೆ ಕೆಳಗಿಡಿ,” ಎಂದಳು ಹೆಂಡತಿ. “ನಮ್ಮಪ್ಪನ ಅಜ್ಜ ಅಲ್ಲ ಅಂತ ಗೊತ್ತಾಯ್ತಲ್ಲ? ಗೆದ್ರಿ. ಚಿತ್ರ ಅಟ್ಟಕ್ಕೆ.”

“ಏನೇ ಹಾಗಂದ್ರೆ! ಇವರು ನನ್ನ ಮುತ್ತಜ್ಜ!”

“ಕರಾರಿನಲ್ಲಿ ಆ ಅಂಶ ಇಲ್ಲ,” ಎಂದು ಶಿರಸ್ತೇದಾರರು ವಿಷಾದದಿಂದ ತಲೆಯಾಡಿಸಿದರು.

ಪಕ್ಕದ ಮನೆಯಿಂದ ಏಣಿ ಬಂತು. ಹಿಮದ ಕಣಿವೆ ದಾಟಿದ ವೀರ, ಹಳೆಯ ಹಾಸಿಗೆ, ಮುರಿದ ಫ್ಯಾನುಗಳ ನಡುವೆ ಅಟ್ಟ ಸೇರಿದ. ಹಿಂದೆಯೇ ಮೇಷ್ಟರೂ ಹತ್ತಿದರು.

“ಮುತ್ತಜ್ಜ ಇರೋ ಕಡೆ ನಾನಿರ್ತೀನಿ! ಇವರನ್ನ ಗೋಡೆಗೆ ಹಾಕೋವರೆಗೂ ನಾನು ಇಳಿಯೋಲ್ಲ!”

“ದಿಂಬು ಕೊಡ್ಲಾ?” ಎಂದಳು ಹೆಂಡತಿ.

“ಬೇಡ! ಕತ್ತೆ ಕಾಯ್ದವರ ವಂಶ ನಮ್ಮದು. ದಿಂಬು ಕೇಳೋಲ್ಲ!”

ಕೆಳಗೆ ಟಿವಿ ತನ್ನ ಗೋಡೆಗೆ ಮರಳಿತು. ಮಾವ ಮೇಷ್ಟರ ಕುರ್ಚಿಯಲ್ಲಿ ಕೂತು ಆರಾಮಾಗಿ ಕಾಲು ಚಾಚಿದರು. ಯಾವುದೋ ಪಂದ್ಯ ಶುರುವಾಯಿತು. ಅಟ್ಟದಲ್ಲಿ ಮೇಷ್ಟರಿಗೆ ಚಪ್ಪಾಳೆ ಕೇಳುತ್ತಿತ್ತು, ರನ್ನು ಕೇಳುತ್ತಿರಲಿಲ್ಲ. ಅಡುಗೆಮನೆಯಿಂದ ಘಮ್ಮೆಂಬ ವಾಸನೆ ಮಾತ್ರ ಸಲೀಸಾಗಿ ಮೇಲಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ಬಾಗಿಲು ಸದ್ದಾಯಿತು.

“ಪಕ್ಕದ ಮನೆಯವರು ಏಣಿ ಕೇಳ್ತಿದ್ದಾರೆ ರೀ, ಕೊಡ್ಲಾ?”

“ಕೊಡು! ಇಳಿಯೋನಿಗೆ ತಾನೇ ಏಣಿ!” ಎಂದು ಮೇಷ್ಟರು ಗರ್ಜಿಸಿದರು.

ಏಣಿ ಹೋಯಿತು. ಪಕ್ಕದ ಮನೆಯ ಬಾಗಿಲಿಗೆ ಬೀಗ ಬಿದ್ದ ಸದ್ದೂ, ಅವರ ಸ್ಕೂಟರ್ ಹೊರಟ ಸದ್ದೂ ಕೇಳಿಸಿತು. ಮೇಷ್ಟರು ಅಂಚಿಗೆ ತೆವಳಿ ಕೆಳಗೆ ಇಣುಕಿದರು. ನೆಲ ಬಹಳ ದೂರವಿತ್ತು. ಮುತ್ತಜ್ಜನ ಕಡೆ ತಿರುಗಿದರು. ಮುತ್ತಜ್ಜನ ಕೈಯಲ್ಲಿ ಚಾವಟಿಯಿತ್ತು, ಏಣಿಯಿರಲಿಲ್ಲ.

“ಲೇ,” ಎಂದು ಕರೆದರು ಮೇಷ್ಟರು, ಸ್ವಾಭಿಮಾನ ಕಿಂಚಿತ್ತೂ ಕುಂದದ ದನಿಯಲ್ಲಿ. “ನಾನೇನೂ ಸೋತಿಲ್ಲ, ತಿಳ್ಕೋ. ಆದ್ರೆ... ದಿನಸಿ ಮೇಲಕ್ಕೆ ಮುಟ್ಟಿಸೋರು ನಿಮ್ಮ ವಂಶದಲ್ಲಿ ಯಾರಾದ್ರೂ ಇದ್ದಾರಾ?”