ಮಾವನ ಬ್ಲಾಗಿಗೂ ರಾಹುಕಾಲ

ನಮ್ಮ ಸೋದರಮಾವನಿಗೆ ಮೂಢನಂಬಿಕೆ ಜಾಸ್ತಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಅವರು ನಂಬುವುದು ರಾಹುಕಾಲ ಒಂದನ್ನೇ. ಅದನ್ನು ಮಾತ್ರ ಅತ್ತೆಗಿಂತ ಹೆಚ್ಚು ನಂಬುತ್ತಾರೆ. ಗುಬ್ಬಿಯಲ್ಲಿ ಮೇಷ್ಟ್ರಾಗಿದ್ದವರು, ರಿಟೈರಾದ ದಿನ ಸನ್ಮಾನಕ್ಕೆ ಕರೆದರೆ ರಾಹುಕಾಲ ಮುಗಿಯಲಿ ಅಂತ ಸ್ಕೂಲ್ ಗೇಟಿನಾಚೆಯೇ ನಿಂತರು. ಒಳಗೆ ಭಾಷಣ ಮುಗಿದು, ಉಪ್ಪಿಟ್ಟೂ ಮುಗಿದು, ಕೊನೆಗೆ ಹಾರವನ್ನು ಗೇಟಿನ ಹತ್ತಿರವೇ ತಂದು ಹಾಕಿದರು.

ಇಂಥವರಿಗೆ ಬ್ಲಾಗಿನ ಹುಚ್ಚು ಹಿಡಿಯಿತು. ತುಮಕೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ತಂಗಿ ಮಗಳು ನಾನಿರುವಾಗ ಇನ್ಯಾರನ್ನು ಹಿಡಿಯುತ್ತಾರೆ? ಬರೆದದ್ದು, ತಿದ್ದಿದ್ದು ಎಲ್ಲದರ ಲೆಕ್ಕ ಇಡುವ ಗಿಟ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಟ್ಟೆ.

"ಮಾವ, ಮಾಮೂಲಿ ಫೈಲಲ್ಲಿ ಬರೀರಿ. ಏನು ತಿದ್ದಿದಿರಿ ಅಂತ ಒಂದು ಸಾಲು ಷರಾ ಬರೆದು ಪುಶ್ ಕೊಡಿ, ಅಂದ್ರೆ ಆಚೆ ತಳ್ಳಿ. ಹುಕ್ ಅಂತ ಒಂದಿದೆ, ಅದೇ ಎದ್ದು ಪುಟ ಕಟ್ಟಿ ಸೈಟಿಗೆ ಏರಿಸುತ್ತೆ."

"ರಾಹುಕಾಲ ನೋಡುತ್ತಾ?"

"ಇಲ್ಲ."

"ಹಂಗಾದ್ರೆ ನೋಡೋ ಹಂಗೆ ಮಾಡು."

ಮಾಡಿದೆ, ಇನ್ನೇನು ಮಾಡಲಿ? ವಾರದ ಏಳೂ ದಿನದ ರಾಹುಕಾಲ ಬರೆದು ಇನ್ನೊಂದು ಹುಕ್ಕನ್ನು ಕಾವಲಿಗೆ ಕೂರಿಸಿದೆ. ಆ ಹೊತ್ತಲ್ಲಿ ಪುಶ್ ಕೊಟ್ಟರೆ 'ರಾಹುಕಾಲ, ಆಮೇಲೆ ಬನ್ನಿ' ಅಂತ ವಾಪಸ್ ಕಳಿಸುತ್ತೆ. ಲೇಖನದ ಕೆಳಗೆ ಏರಿಸಿದ ಗಂಟೆಯೂ ಕಾಣಬೇಕಂತೆ, ಹೊತ್ತುಗೊತ್ತು ನೋಡಿ ಹಾಕುವವನು ಅಂತ ಜನಕ್ಕೆ ಗೊತ್ತಾಗಲಿ ಅಂತ. ಜನ ಅಂದರೆ ಎಷ್ಟು ಜನ? ನಾನು, ಅತ್ತೆ, ಕುಣಿಗಲ್ಲಿನಲ್ಲಿರುವ ನಮ್ಮಮ್ಮ!

ಒಂದು ವಾರವಾದ ಮೇಲೆ, ಸಂಜೆ ಹಾಕಿದ ಲೇಖನದ ಕೆಳಗೆ ಮಧ್ಯಾಹ್ನ ಅಂತ ಬಂತು. ನೋಡಿದರೆ ಲ್ಯಾಪ್‌ಟಾಪಿನ ಗಡಿಯಾರ ಲಂಡನ್ ಟೈಮಿನಲ್ಲಿದೆ. ಅಷ್ಟು ದಿನವೂ ಗುಬ್ಬಿಯ ರಾಹು ಲಂಡನ್ನಿನಲ್ಲಿ ಡ್ಯೂಟಿ ಮಾಡುತ್ತಿದ್ದ. ಮಾವ ಎಲ್ಲವನ್ನೂ ಅಳಿಸಿ, ತೆಂಗಿನಕಾಯಿ ಒಡೆದು, ಮತ್ತೆ ಮೊದಲಿಂದ ಏರಿಸಿದರು.

ಆಮೇಲೆ ತಮ್ಮ ಬಾಲ್ಯದ ಬಗ್ಗೆ ಬರೆದರು. ಅದರಲ್ಲೊಂದು ಸಾಲು: 'ನನ್ನ ತಂಗಿಗೆ ಓದು ತಲೆಗೆ ಹತ್ತಲಿಲ್ಲ, ಏಳನೇ ಕ್ಲಾಸಿಗೇ ಬಿಟ್ಟಳು.' ಆ ತಂಗಿಯೇ ನಮ್ಮಮ್ಮ. ಕ್ಲಾಸಿಗೇ ಫಸ್ಟ್ ಬರುತ್ತಿದ್ದವಳು, ಅಣ್ಣ ಓದಲಿ ಅಂತ ಸ್ಕೂಲ್ ಬಿಟ್ಟು ಊದುಬತ್ತಿ ಹೊಸೆದವಳು. ಅದನ್ನು ಓದಿದ ಮೇಲೆ ಅಣ್ಣನ ಫೋನ್ ಎತ್ತುವುದನ್ನೇ ನಿಲ್ಲಿಸಿದಳು.

"ಒಂದು ಸಾಲು ತಿದ್ದಿ ಮಾವ" ಅಂದೆ.

"ಮೇಷ್ಟ್ರು ಕಣೇ ನಾನು. ತಿದ್ದೋನು, ತಿದ್ದಿಸ್ಕೊಳ್ಳೋನಲ್ಲ."

ಮೂರು ತಿಂಗಳು ಹೀಗೇ ಹೋಯಿತು. ಅಷ್ಟರಲ್ಲಿ ಅಮ್ಮನಿಗೆ ಹಾರ್ಟ್ ಆಪರೇಷನ್ ಅಂತಾಯಿತು. ತುಮಕೂರಿನ ಆಸ್ಪತ್ರೆಯಲ್ಲಿ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಅವತ್ತು ಎಂಟು ಗಂಟೆಗೆ, ವಾರ್ಡಿನಲ್ಲಿ ಅಮ್ಮನ ಪಕ್ಕ ಕೂತಿದ್ದಾಗ, ಮಾವನ ಫೋನ್ ಬಂತು.

"ಲೇ, ಆ ಸಾಲು ತಿದ್ದಿದೀನಿ, ಹೋಗ್ತಾನೇ ಇಲ್ಲ ಕಣೇ. ರಾಹುಕಾಲ ಅಂತದೆ."

"ಒಂಬತ್ತರವರೆಗೂ ಹಂಗೇ, ಮಾವ."

"ಒಂಬತ್ತಕ್ಕೆ ಅವಳು ಒಳಗೆ ಹೋಗ್ಬಿಟ್ಟಿರ್ತಾಳೆ. ದಾಟಿಸೋಕೆ ಏನೂ ಇಲ್ವಾ?"

"ಇದೆ. ಪುಶ್ ಜೊತೆಗೆ ನೋ-ವೆರಿಫೈ ಅಂತ ಸೇರಿಸಿ. ಕಾವಲು ಕೇಳದೆ ಬಿಡುತ್ತೆ."

"ಮೊದ್ಲಿಂದ್ಲೂ ಇತ್ತಾ ಅದು?"

"ಇತ್ತು."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಕೇಳಿಸಿತು.

ಷರಾದಲ್ಲಿ ಎರಡೇ ಮಾತಿತ್ತು: 'ತಪ್ಪು ನಂದು.' ಪುಟ ತೆರೆದು ಅಮ್ಮನ ಕೈಗೆ ಫೋನ್ ಕೊಟ್ಟೆ. 'ತಂಗಿ ಓದು ಬಿಟ್ಟಿದ್ದು ನನ್ನನ್ನು ಓದಿಸಲು. ಅವಳು ನನಗಿಂತ ಜಾಣೆ' ಅಂತಿತ್ತು. ಅಮ್ಮ ಓದಿದಳು. ಕೆಳಗೆ ಸರಿಸಿದಳು. 'ಸೋಮವಾರ, ಬೆಳಿಗ್ಗೆ 8.10' ಅನ್ನುವುದನ್ನು ನೋಡಿದವಳೇ ಅಳೋಕೆ ಶುರು ಮಾಡಿದಳು.

"ರಾಹುಕಾಲದಲ್ಲಿ ಹಾಕವ್ನೆ ಕಣೇ ನಮ್ಮಣ್ಣ" ಅಂದಳು. "ಫೋನ್ ಮಾಡಿ ಕೊಡು."